ಎರಡನೇ ವಿಮಾನಕ್ಕೂ ಕೇಬಲ್ಲು

ಬಸವೇಶ್ವರನಗರ
19 ಆಗಸ್ಟ್ 2024

ಮಾವ,

ಫೋನ್ ಮಾಡಿದರೆ ಶಿಲ್ಪಾ ಎತ್ತಿಕೊಂಡು ನಿಮ್ಮ ಅಪ್ಪಣೆ ತಿಳಿಸಿದಳು. "ಅಪ್ಪಂಗೆ ಕಾಗದ ಬರೀಬೇಕಂತೆ ಕಣೇ. ಫೋನಲ್ಲಿ ನೀನು ಪ್ರಶ್ನೆನೂ ಕೇಳಿ ಉತ್ತರಾನೂ ನೀನೇ ಹೇಳ್ತೀಯಂತೆ." ಸರಿ, ಬರೆಯುತ್ತಿದ್ದೇನೆ. ಕಚೇರಿಯಲ್ಲಿ ವಿಮೆಯ ಅರ್ಜಿಗಳಿಗೆ ಸಹಿ ಹಾಕುವುದು ಬಿಟ್ಟರೆ ಪೆನ್ನು ಹಿಡಿದು ಎಷ್ಟೋ ಕಾಲವಾಯಿತು. ಅಕ್ಷರ ಕೆಟ್ಟದಾಗಿದ್ದರೆ ತಪ್ಪು ನಿಮ್ಮದು.

ನೀವು ಕುರುಬರಹಳ್ಳಿಯ ಮನೆ ಬಾಡಿಗೆಗೆ ಕೊಟ್ಟು ಮಗಳ ಜೊತೆ ಇರಲು ದಾವಣಗೆರೆಗೆ ಹೋದ ಮೇಲೆ ನನ್ನ ಭಾನುವಾರಗಳು ಉದ್ದವಾಗಿಬಿಟ್ಟಿವೆ. ನಿನ್ನೆ ಒಬ್ಬಳೇ ಕೆಂಗೇರಿ ಆಚೆಯ ನಮ್ಮ ಮೈದಾನಕ್ಕೆ ಹೋಗಿ ಬಿಳಿ ಮಾದರಿ ವಿಮಾನವನ್ನು ರೇಡಿಯೋ ರಿಮೋಟಿನಿಂದ ಹಾರಿಸಿದೆ. ನೀವು ಹೇಳಿಕೊಟ್ಟ ಹಾಗೆ ಗಾಳಿಗೆ ಎದುರಾಗಿ ಏರಿಸಿದೆ, ಮೈದಾನದ ಸುತ್ತ ಸುತ್ತಿಸಿದೆ, ಗಾಳಿಗೆ ಎದುರಾಗಿಯೇ ಇಳಿಸಿದೆ. ವಿಮಾನದ ಮೇಲಿಂದ ಕಣ್ಣು ತೆಗೆಯಲಿಲ್ಲ. ಹಿಂದೆ ಯಾರೋ "ಆಂಟಿ, ಇದು ಡ್ರೋನಾ?" ಅಂತ ಕೇಳುತ್ತಲೇ ಇದ್ದ, ತಿರುಗಿಯೂ ನೋಡಲಿಲ್ಲ. ಎಲ್ಲ ಸರಿಯಾಗಿ ಆಯಿತು. ಅದೇ ತೊಂದರೆ, ಯಾವಾಗಲೂ ಸರಿಯಾಗಿಯೇ ಆಗುತ್ತದೆ.

ಮಾವ, ನನಗೆ ಆ ವಿಮಾನ ಸಾಕಾಗಿದೆ. ವಾಲಿಸಿ ರೇಡಿಯೋದ ಸ್ಟಿಕ್ಕು ಬಿಟ್ಟರೆ ತಾನಾಗಿಯೇ ನೆಟ್ಟಗಾಗುತ್ತದೆ. ಹಾರಿಸುತ್ತಿರುವುದು ನಾನೋ ಅದೋ ಎಂದೇ ಗೊತ್ತಾಗುವುದಿಲ್ಲ. ಕಲಿಯುವಾಗ ಅಂಥದ್ದು ಬೇಕಿತ್ತು, ಒಪ್ಪಿದೆ. ಈಗ ಎರಡನೆಯದು ಬೇಕು. ವಿಜಯನಗರದ ಅಂಗಡಿಯಲ್ಲಿ ಹಳೆಯ ಕಾಲದ ಯುದ್ಧವಿಮಾನದ ಮಾದರಿ ಒಂದಿದೆ. ಬೆಳ್ಳಿ ಬಣ್ಣ, ಚೂಪು ರೆಕ್ಕೆ. ಅದರ ಮುಂದೆ ನಿಂತರೆ ಕಾಲು ಕದಲುವುದಿಲ್ಲ. ತಗೊಳ್ಳಲಾ?

ಅಮ್ಮ ಹೇಳುತ್ತಾಳೆ, "ಹಾಲು ಉಕ್ಕೋವರೆಗೂ ಕಾಯೋಕಾಗಲ್ಲ ಇವಳಿಗೆ, ಇನ್ನೊಂದು ವಿಮಾನ ಬೇರೆ ಕೇಡು." ನಿಮ್ಮ ಅಕ್ಕ ತಾನೇ, ನೀವೇ ಸಮಾಧಾನ ಮಾಡಿ. ಬೇಗ ಬರೆಯಿರಿ.

ಮಾಲವಿಕಾ


ದಾವಣಗೆರೆ
2 ಸೆಪ್ಟೆಂಬರ್ 2024

ಮಾಲು,

ಕಾಗದ ತಲುಪಿತು. ಅದರಲ್ಲೂ ಪ್ರಶ್ನೆ ಕೇಳಿ, ಉತ್ತರ ತೀರ್ಮಾನ ಮಾಡಿ, ಅಂಗಡಿಯನ್ನೂ ನೋಡಿಟ್ಟಿದ್ದೀಯ. ಫೋನಾದರೇನು, ಕಾಗದವಾದರೇನು.

ನಾನು ಇದನ್ನು ಶಿಲ್ಪಾಳ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದೇನೆ. ಈ ವಯಸ್ಸಿನಲ್ಲಿ ಒಂದು ಹೊಸ ವಿದ್ಯೆ ಆಗಲಿ ಎಂದು.

ಬೆಳ್ಳಿ ವಿಮಾನ ಬೇಡ. ಎರಡನೇ ವಿಮಾನ ಅಂದರೆ ಮೊದಲನೆಯದಕ್ಕಿಂತ ಜೋರಾಗಿ ಓಡುವುದು ಅಂತಲ್ಲ. ಮೊದಲನೆಯದು ನಿನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತಿತ್ತು. ಎರಡನೆಯದು ತಿದ್ದಬಾರದು, ವಾಲಿಸಿದರೆ ವಾಲಿಕೊಂಡೇ ಇರಬೇಕು. ಆದರೆ ನಿಧಾನವಾಗಿ ಹಾರಿದರೆ ಬೀಳಲೂಬಾರದು. ಅದಕ್ಕೆ ರೆಕ್ಕೆ ಹೊಟ್ಟೆಯ ಕೆಳಗಿರಬೇಕು, ದಪ್ಪಗಿರಬೇಕು. ಅದೇ ಅಂಗಡಿಯ ಮೂಲೆಯಲ್ಲಿ ಹಳದಿ ಬಣ್ಣದ್ದೊಂದು ಇದೆ, ನೋಡಲು ಪೆದ್ದುಪೆದ್ದಾಗಿ. ಅದು ನಿನಗೆ ಸರಿ. ಚೂಪು ರೆಕ್ಕೆಯದು ವೇಗ ಇಳಿದ ತಕ್ಷಣ ಒಂದು ರೆಕ್ಕೆ ಕೆಳಗೆ ಹಾಕಿ ಗಿರಕಿ ಹೊಡೆಯುತ್ತದೆ. ಇಳಿಸುವಾಗಲೇ ತಾನೇ ನಾವು ವೇಗ ಇಳಿಸುವುದು.

ಸಂಕ್ರಾಂತಿ ಕಳೆದ ಮೇಲೆ ನಾನು ಬೆಂಗಳೂರಿಗೆ ಬರುತ್ತೇನೆ. ಹೊಸ ವಿಮಾನವನ್ನು ಒಟ್ಟಿಗೆ ಹಾರಿಸೋಣ. ಕಲಿಸುವಾಗ ನನ್ನ ರೇಡಿಯೋದಿಂದ ನಿನ್ನ ಚಿಕ್ಕ ರೇಡಿಯೋಗೆ ಹಾಕುತ್ತಿದ್ದೆವಲ್ಲ, ಆ ಕೇಬಲ್ಲು, ಅದನ್ನು ಜೋಪಾನವಾಗಿ ಇಡು. ರೇಡಿಯೋ ಎರಡನ್ನೂ ಬದಲಾಯಿಸಬೇಡ. ವಿಮಾನದ ವಿಷಯದಲ್ಲಿ ನೀನು ನನ್ನ ಮಾತು ಕೇಳದಿದ್ದರೂ ಜಗಳವಾಡುವುದಿಲ್ಲ. ಕೇಬಲ್ಲು ಮಾತ್ರ ಇರಲಿ.

ಅಕ್ಕನಿಗೆ ನಮಸ್ಕಾರ ತಿಳಿಸು.

ಜಗನ್ನಾಥ


ಬಸವೇಶ್ವರನಗರ
11 ಸೆಪ್ಟೆಂಬರ್ 2024

ಮಾವ,

ಗಣಪತಿಯನ್ನು ಬಕೆಟ್ಟಿನಲ್ಲಿ ಬಿಟ್ಟು, ಮಣ್ಣನ್ನು ತುಳಸಿ ಗಿಡಕ್ಕೆ ಹಾಕಿ, ಈಗ ಕೂತೆ. ನಿಮ್ಮಿಂದ ಬಂದದ್ದನ್ನು ಕಾಗದ ಅನ್ನಬೇಕೋ ಸುತ್ತೋಲೆ ಅನ್ನಬೇಕೋ ಗೊತ್ತಾಗಲಿಲ್ಲ. ಸಹಿ ಕೂಡ ಟೈಪು. ಮೊದಲೆಲ್ಲ ನೀವು ಒಂದು ಚೀಟಿ ಬರೆದರೂ ಅಂಚಿನಲ್ಲಿ ಪುಟ್ಟ ವಿಮಾನ ಇರುತ್ತಿತ್ತು. ಅದರೊಳಗೆ ಎರಡು ಜಡೆಯ ನಾನು. ಇರಲಿ, ಹೊಸ ವಿದ್ಯೆ ಬಂದ ಮೇಲೆ ಹಳೆಯದು ಯಾರಿಗೆ ಬೇಕು.

ಹಳದಿ ವಿಮಾನ ನೋಡಿ ಬಂದೆ. ಬಾತುಕೋಳಿಯ ಹಾಗಿದೆ. ಬೇಡ.

ಆದರೆ ನನಗೆ ನೋವಾದದ್ದು ಅದಕ್ಕಲ್ಲ, ಕೇಬಲ್ಲಿಗೆ. ಎರಡನೇ ವಿಮಾನಕ್ಕೂ ಕೇಬಲ್ಲಾ? ಆ ದಿನಗಳು ನನಗೆ ನೆನಪಿವೆ. ನೀವು "ತಗೋ" ಅಂದರೆ ವಿಮಾನ ನನ್ನ ಕೈಗೆ, ನಾನು "ತಗೊಂಡೆ" ಅನ್ನಬೇಕು. ಒಂದು ಸುತ್ತು ಆಗಿರುತ್ತಿತ್ತೋ ಇಲ್ಲವೋ, "ಕೊಡು". ನಾನು "ಕೊಟ್ಟೆ" ಅನ್ನುವ ಮೊದಲೇ ಅದು ನಿಮ್ಮ ಹತ್ತಿರ ಹೋಗಿರುತ್ತಿತ್ತು. ನಿಮ್ಮ ಬೆರಳು ಸದಾ ರೇಡಿಯೋದ ಭುಜದ ಮೇಲಿನ ಆ ಸ್ವಿಚ್ಚಿನ ಮೇಲೆ, ಯಾವಾಗ ಒತ್ತಿ ಕಿತ್ತುಕೊಳ್ಳೋಣ ಅಂತ ಕಾದು ಕೂತ ಹಾಗೆ. ನಾನು ಕೊನೆಗೂ ಕೇಬಲ್ಲಿಲ್ಲದೆ ಹಾರಿಸಿದ ದಿನ ಮನೆಗೆ ಬಂದು ಅತ್ತಿದ್ದೆ, ಖುಷಿಗೆ. ನಿಮಗೆ ಹೇಳಿರಲಿಲ್ಲ.

ಮದುವೆ ಮುರಿದುಕೊಂಡು ಬಂದ ಮೇಲೆ ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಯಾರೋ ಒಬ್ಬರು ನನ್ನ ಹಿಂದೆ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಇರುತ್ತಾರೆ. ಗಾಡಿ ಹುಷಾರು, ಹಣ ಹುಷಾರು, ಮಾತು ಹುಷಾರು. ನೀವೊಬ್ಬರು ಹಾಗಲ್ಲ ಅಂದುಕೊಂಡಿದ್ದೆ.

ಮಾಲವಿಕಾ


ದಾವಣಗೆರೆ
30 ಸೆಪ್ಟೆಂಬರ್ 2024

ಮಾಲು,

ನಿನ್ನ ಕಾಗದವನ್ನು ಶಿಲ್ಪಾ ನೋಡಲಿಲ್ಲ, ನಾನೇ ಓದಿಕೊಂಡೆ. ಉತ್ತರ ಬರೆಯಲು ತಡವಾಯಿತು. ಎರಡು ಸಲ ಬರೆದು ಅಳಿಸಿದೆ.

ಅತ್ತಿದ್ದೆ ಅಂದೆಯಲ್ಲ, ನನಗೆ ಗೊತ್ತಿತ್ತು. ಮೈದಾನದಲ್ಲೇ ನಿನ್ನ ಕಣ್ಣು ತುಂಬಿತ್ತು, ಬಿಸಿಲು ಅಂದೆ.

ಕೇಬಲ್ಲು ಯಾಕೆ ಎಂದು ಬಂದಾಗ ಹೇಳುತ್ತೇನೆ. ನೀನು ಅಂದುಕೊಂಡದ್ದಲ್ಲ. ಅಲ್ಲಿಯವರೆಗೆ ಇಟ್ಟುಕೊಂಡಿರು. ಇದೊಂದು ಸಲ ಕಾರಣ ಕೇಳದೆ ನನ್ನ ಮಾತು ಕೇಳು.

ಜಗನ್ನಾಥ


ಬಸವೇಶ್ವರನಗರ
5 ನವೆಂಬರ್ 2024

ಮಾವ,

ಇಷ್ಟು ದಿನ ಬರೆಯಲಿಲ್ಲ. ಕಚೇರಿ ಕೆಲಸ, ಆಮೇಲೆ ದೀಪಾವಳಿ, ಆಮೇಲೆ ಅಮ್ಮನ ಮೊಣಕಾಲು. ಬೀದಿಯಲ್ಲಿ ಇನ್ನೂ ಪಟಾಕಿ ನಿಂತಿಲ್ಲ.

ಒಂದು ವಿಷಯ. ಬಿಳಿ ವಿಮಾನವನ್ನು ಮಾರಿಬಿಟ್ಟೆ, ಆಯುಧಪೂಜೆಗೆ ಮುಂಚೆಯೇ. ಬ್ಯಾಡರಹಳ್ಳಿಯ ಕೊಟ್ರಪ್ಪ ಅಂತ, ನೀರಿನ ಟ್ಯಾಂಕರ್ ಓಡಿಸುತ್ತಾರೆ. ಕೂಡ್ಲಿಗಿ ಕಡೆಯವರು, ನನ್ನಷ್ಟೇ ವಯಸ್ಸಿರಬೇಕು. ಮೈದಾನದ ಪಕ್ಕದ ಲೇಔಟಿಗೆ ನೀರು ಹಾಕಲು ಬಂದಾಗಲೆಲ್ಲ ಟ್ಯಾಂಕರ್ ನಿಲ್ಲಿಸಿ ನೋಡುತ್ತಿದ್ದರು. "ನನಗೂ ಹಾರ್ಸಬೇಕು ಅಂತ ಸಣ್ಣಂದಿನಿಂದ ಆಸೆ ಐತ್ರಿ ಮೇಡಂ" ಅಂದರು. ಕೊಟ್ಟೆ. ಚಿಕ್ಕ ರೇಡಿಯೋ ಮತ್ತು ಕೇಬಲ್ಲೂ ಅದರ ಜೊತೆಗೇ ಹೋದವು. ನೀವು ನನಗೆ ಬಿಟ್ಟುಹೋದ ದೊಡ್ಡ ರೇಡಿಯೋ ಇದೆ.

ಬೇಜಾರು ಮಾಡಿಕೊಳ್ಳಬೇಡಿ. ಕೇಬಲ್ಲು ಕಪಾಟಿನಲ್ಲಿರುವವರೆಗೂ ನಾನು ಕಲಿಯುವವಳೇ ಆಗಿರುತ್ತೇನೆ ಅನ್ನಿಸುತ್ತಿತ್ತು. ಎರಡನೇ ವಿಮಾನ ಇನ್ನೂ ಆರಿಸಿಲ್ಲ. ಆತುರವಿಲ್ಲ. ನೀವು ಬಂದ ಮೇಲೆ ಅಂಗಡಿಗೆ ಒಟ್ಟಿಗೇ ಹೋದರೂ ಆಯಿತು.

ಮಾಲವಿಕಾ


ದಾವಣಗೆರೆ
18 ನವೆಂಬರ್ 2024

ಮಾಲು,

"ಆತುರವಿಲ್ಲ" ಎಂದು ನೀನು ಬರೆದದ್ದನ್ನು ಓದಿದಾಗಲೇ ಅನುಮಾನ ಬಂತು. ಮೊನ್ನೆ ಅಕ್ಕ ಶಿಲ್ಪಾಗೆ ಫೋನ್ ಮಾಡಿ ಕೇಳಿದಳಂತೆ, "ಮಾಲು ಮಂಚದ ಕೆಳಗೆ ಬೆಳ್ಳಿ ಬಣ್ಣದ್ದೇನೋ ಚೂರುಚೂರು ಚೀಲದಲ್ಲಿ ತುಂಬಿಟ್ಟಿದಾಳೆ. ಎಸೀಲಾ ಅಂತ ಜಗ್ಗೂನ ಕೇಳು." ಎಸೆಯಬೇಡ ಎಂದು ಹೇಳಿಸಿದ್ದೇನೆ. ಮೋಟರು ಚೆನ್ನಾಗಿರಬಹುದು.

ಇಳಿಸುವಾಗ ಒಂದು ರೆಕ್ಕೆ ಕೆಳಗೆ ಹಾಕಿ ಗಿರಕಿ ಹೊಡೆಯಿತು, ಅಲ್ಲವೇ. ಬೈಯುವುದಿಲ್ಲ. ನಾನೂ ನನ್ನ ಎರಡನೆಯದನ್ನು ಅಂಥದ್ದೇ ತಂದು ಒಂದೇ ದಿನಕ್ಕೆ ಮುಗಿಸಿದ್ದೆ.

ನೀನು ಮುಚ್ಚಿಟ್ಟದ್ದು ನನಗೆ ಗೊತ್ತಾಗಿ, ನಾನು ಮುಚ್ಚಿಟ್ಟದ್ದು ಹಾಗೇ ಉಳಿದರೆ ನ್ಯಾಯವಲ್ಲ. ಹೇಳುತ್ತೇನೆ. ನನಗೆ ಪಾರ್ಕಿನ್ಸನ್ ಅಂತೆ. ಬಲಗೈ ಸದಾ ನಡುಗುತ್ತದೆ, ಎಡಗೈ ಈಗ ಶುರುವಾಗಿದೆ. ಧ್ವನಿಯೂ ಒಳಗೆ ಹೋಗಿದೆ. ಅದಕ್ಕೇ ಫೋನು ಬೇಡ ಅಂದದ್ದು, ನಿನ್ನ ಪ್ರಶ್ನೆಗಳ ಮೇಲೆ ಸುಮ್ಮನೆ ತಪ್ಪು ಹೊರಿಸಿದೆ. ಕೈಬರಹ ನನಗೇ ಓದಲಾಗುವುದಿಲ್ಲ. ಟೈಪು ಮಾಡಿದರೂ ಒಂದೊಂದು ಅಕ್ಷರ ಎರಡೆರಡು ಸಲ ಬೀಳುತ್ತದೆ, ಶಿಲ್ಪಾ ತಿದ್ದಿಕೊಡುತ್ತಾಳೆ.

ಬೆಂಗಳೂರು ಬಿಡುವ ಮೊದಲಿನ ಭಾನುವಾರಗಳಲ್ಲಿ ನಾನು "ಕೊಡು" ಅನ್ನುವುದನ್ನು ನಿಲ್ಲಿಸಿದ್ದೆ. ಚೆನ್ನಾಗಿ ಕಲಿತೆ ಅಂತ ನಿಲ್ಲಿಸಿದರು ಎಂದು ನೀನು ಹಿಗ್ಗಿದೆ. ಚೆನ್ನಾಗಿಯೇ ಕಲಿತಿದ್ದೆ. ಆದರೆ ವಿಮಾನವನ್ನು ವಾಪಸು ತಗೊಳ್ಳಲು ನನಗೆ ಭಯವಾಗಿತ್ತು ಅನ್ನುವುದೂ ನಿಜ.

ಕೇಬಲ್ಲು ನಿನಗಾಗಿ ಅಲ್ಲ, ಮಾಲು, ನನಗಾಗಿ. ದೊಡ್ಡ ರೇಡಿಯೋ ನಿನ್ನ ಕೈಯಲ್ಲಿ, ಆ ಚಿಕ್ಕದು ನನ್ನ ಕೈಯಲ್ಲಿ. ನೀನು "ತಗೊಳ್ಳಿ" ಅನ್ನಬೇಕು, ನನ್ನ ಕೈ ಕೆಟ್ಟರೆ "ಕೊಡಿ" ಅನ್ನಬೇಕು. ಹಾಗೆ ಇನ್ನೊಂದೇ ಸಲ ಹಾರಿಸಬೇಕು ಎಂದು ಆಸೆಯಿತ್ತು. ನಿನಗೆ ದಪ್ಪ ರೆಕ್ಕೆಯದನ್ನು ಹೇಳಿದ್ದರಲ್ಲೂ ನನ್ನ ಸ್ವಾರ್ಥ ಸ್ವಲ್ಪ ಇತ್ತು. ಇಷ್ಟನ್ನು ನೇರವಾಗಿ ಕೇಳಲು ಸಂಕೋಚ ಅಡ್ಡ ಬಂತು.

ಮಾರಿದ್ದನ್ನು ವಾಪಸು ಕೇಳಬೇಡ. ಪಾಪ, ಅವರೂ ಆಸೆಯಿಂದ ತಗೊಂಡಿದ್ದಾರೆ.

ಜಗನ್ನಾಥ


ಬಸವೇಶ್ವರನಗರ
26 ನವೆಂಬರ್ 2024

ಮಾವ,

ನಿಮ್ಮ ಕಾಗದವನ್ನು ಬಾಗಿಲಲ್ಲೇ ನಿಂತು ಓದಿದೆ. ಅಮ್ಮ "ಏನೇ, ಯಾಕೆ ಹಾಗೆ ನಿಂತೆ?" ಅಂದಳು. ಹೇಳಿದೆ. ಬಚ್ಚಿಡಲು ಆಗಲಿಲ್ಲ. ಅವಳು ಹೋಗಿ ನಿಮ್ಮಿಬ್ಬರ ಹಳೆಯ ಫೋಟೋ ಒರೆಸಿಟ್ಟಳು. ಆಮೇಲೆ ವಾಪಸು ಬಂದು ನನ್ನನ್ನು ಬೈದಳು, ವಿಮಾನ ಮಾರಿದ್ದಕ್ಕೆ. ಜೀವನದಲ್ಲಿ ಮೊದಲ ಸಲ ಅವಳು ವಿಮಾನದ ಪರ.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಹೇಳಬಹುದಿತ್ತು. ಹೇಳಿದ್ದರೆ ಟೈಪು ಮಾಡಿದ ಕಾಗದ ನೋಡಿ ನಾನು ಕುಹಕ ಆಡುತ್ತಿರಲಿಲ್ಲ. ನನ್ನ ಮೇಲೂ ಸಿಟ್ಟಿದೆ, ಅದು ಇನ್ನೂ ಜಾಸ್ತಿ.

ವಾಪಸು ಕೇಳಬೇಡ ಅಂದಿರಿ. ಕೇಳಿದೆ. ಅದೇ ಸಂಜೆ ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಸ್ಕೂಟರ್ ನುಗ್ಗಿಸಿಕೊಂಡು ಬ್ಯಾಡರಹಳ್ಳಿಗೆ ಹೋದೆ. ಬಿಳಿ ವಿಮಾನ ಕೊಟ್ರಪ್ಪನವರ ಮನೆಯಲ್ಲಿ ಟಿವಿಯ ಪಕ್ಕ ಕೂತಿತ್ತು. ಮೂತಿಗೆ ವಿಭೂತಿ, ಕುಂಕುಮ, ಪ್ರೊಪೆಲ್ಲರಿಗೆ ಒಣಗಿದ ಸೇವಂತಿಗೆ. ಆಯುಧಪೂಜೆಗೆ ಟ್ಯಾಂಕರಿನ ಜೊತೆ ಅದಕ್ಕೂ ಪೂಜೆ ಮಾಡಿದರಂತೆ. ತಂದ ದಿನದಿಂದ ಒಮ್ಮೆಯೂ ಹಾರಿಸಿಲ್ಲ.

"ಯಾಕ್ರೀ?" ಅಂದೆ.

"ಕಲಸೋರು ಯಾರದಾರ್ರೀ? ಮೈದಾನಕ್ಕ ಒಯ್ದೆ, ಎಲ್ಲಾರೂ ಇಂಗ್ಲಿಷಿನಾಗ ಮಾತಾಡಿದ್ರು, ವಾಪಸ್ ತಂದೆ."

ನಾನು ನಿಮ್ಮ ವಿಷಯ ಹೇಳಿ, ಚಿಕ್ಕ ರೇಡಿಯೋ ಮತ್ತು ಕೇಬಲ್ಲು ವಾಪಸು ಬೇಕು ಅಂದೆ. ಅವರು ತಲೆ ಕೆರೆದುಕೊಂಡರು.

"ಮಾರಿದೋರೂ ನೀವ, ವಾಪಸ್ ಕೇಳಾಕ ಬಂದೋರೂ ನೀವ. ಚಲೋ ಐತಿ. ಕೊಡಂಗಿಲ್ರಿ. ಆದ್ರ ನಿಮ್ಮ ಮಾವಾರು ಬಂದಾಗ ನಾನ ತಗೊಂಡ್ ಬರ್ತೀನಿ, ಅವರು ಹಾರಸ್ಲಿ. ಅಲ್ಲೀವರೆಗೂ ನೀವು ನನಗ ಕಲಸ್ರಿ."

ಹಾಲು ಉಕ್ಕುವವರೆಗೆ ಕಾಯಲಾರದ ನಾನು ಈಗ ಮೇಷ್ಟ್ರು. ಮುಂದಿನ ಭಾನುವಾರ ಮೊದಲ ಪಾಠ. ನೀವು ಬರಲೇಬೇಕು. ಇದು ಪ್ರಶ್ನೆಯಲ್ಲ.

ಮಾಲವಿಕಾ


ದಾವಣಗೆರೆ
10 ಡಿಸೆಂಬರ್ 2024

ಮಾಲು,

ಕೊಟ್ರಪ್ಪನವರಿಗೆ ನನ್ನ ನಮಸ್ಕಾರ ಹೇಳು. ವಿಮಾನಕ್ಕೆ ವಿಭೂತಿ ಹಚ್ಚುವ ಬುದ್ಧಿ ನನಗೆ ಬಂದಿರಲಿಲ್ಲ. ಬಂದಿದ್ದರೆ ಎಷ್ಟೋ ಉಳಿಯುತ್ತಿದ್ದವು.

ಬೆಂಗಳೂರಿಗೆ ಬರುತ್ತೇನೆ. ಹಾರಿಸುವ ವಿಷಯ ಬಿಟ್ಟುಬಿಡು. ನಿನ್ನೆ ಶಿಲ್ಪಾ ಕೊಟ್ಟ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದೆ, ಅರ್ಧ ಪಂಚೆಯ ಪಾಲಾಯಿತು. ಎರಡನೇ ವಿಮಾನ ಎಂಥದ್ದೆಂದು ನಾನೇ ನಿನಗೆ ಬರೆದಿದ್ದೇನೆ. ಕೈ ಹೇಳಿದ್ದನ್ನೆಲ್ಲ ಅದು ಕೇಳುತ್ತದೆ. ನನ್ನ ಕೈ ಈಗ ಹೇಳುವುದೇನು ಎಂದು ನನಗೇ ಗೊತ್ತಿಲ್ಲ. ಬಿಳಿಯದನ್ನು ಹಾರಿಸಬಹುದಿತ್ತೇನೋ, ಆದರೆ ಅದು ಈಗ ಇನ್ನೊಬ್ಬರ ಮನೆಯ ದೇವರು. ಮುರಿದರೆ ನಾನು ಅವರ ಮುಖ ನೋಡಲಾರೆ.

ಮೈದಾನದಲ್ಲಿ ನಾಲ್ಕು ಜನರ ಎದುರು, ನನ್ನಿಂದ ಕಲಿತವರೇ ಇರುವಾಗ, ನನ್ನ ಕೈ ಹೀಗಾಗುವುದನ್ನು ಅವರು ನೋಡುವುದು ನನಗೆ ಬೇಡ. ಅದೇ ನಿಜವಾದ ಕಾರಣ. ನೀನು ಹಾರಿಸು, ನಾನು ಕುರ್ಚಿ ಹಾಕಿಕೊಂಡು ನೋಡುತ್ತೇನೆ. ಅಷ್ಟು ಸಾಕು.

ಜಗನ್ನಾಥ


ಬಸವೇಶ್ವರನಗರ
30 ಡಿಸೆಂಬರ್ 2024

ಮಾವ,

ಸಾಕಾಗುವುದಿಲ್ಲ. ನಿಮಗೂ ಸಾಕಾಗುವುದಿಲ್ಲ, ಸುಮ್ಮನೆ ಬರೆದಿದ್ದೀರಿ.

ಈ ತಿಂಗಳೆಲ್ಲ ನಾನು ಮೈದಾನದಲ್ಲಿ ಏನು ಮಾಡಿದೆ ಎಂದು ಕೇಳಿ. ಮೊದಲ ಪಾಠದ ದಿನ ವಿಮಾನವನ್ನು ಎತ್ತರಕ್ಕೆ ಒಯ್ದು, "ತಗೊಳ್ರೀ" ಎಂದು ಸ್ವಿಚ್ಚು ಒತ್ತಿ, ಬೆರಳು ತೆಗೆದೆ. ಕೊಟ್ರಪ್ಪ "ತಗೊಂಡೆ" ಎಂದು ಸ್ಟಿಕ್ಕು ತಳ್ಳುತ್ತಲೇ ಇದ್ದಾರೆ, ವಿಮಾನ ಕೇಳುತ್ತಲೇ ಇಲ್ಲ. ಕೇಬಲ್ಲು ಹಾಳಾಗಿದೆ ಅಂದುಕೊಂಡೆ. ಇಳಿಸಿ, ಬಿಚ್ಚಿ, ಹಾಕಿ, ಮತ್ತೆ ಏರಿಸಿದೆ. ಆಗ ಗೊತ್ತಾಯಿತು. ಆ ಸ್ವಿಚ್ಚಿಗೆ ಒಳಗೆ ಸ್ಪ್ರಿಂಗ್ ಇದೆ. ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ವಿಮಾನ ಕಲಿಯುವವರ ಕೈಯಲ್ಲಿ. ಬೆರಳು ಸಡಿಲಿಸಿದರೆ ಕಲಿಸುವವರಿಗೆ ವಾಪಸು.

ನಾನು ತಿಂಗಳುಗಟ್ಟಲೆ ನಿಮ್ಮ ಪಕ್ಕ ನಿಂತು ಆ ಬೆರಳನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಕಿತ್ತುಕೊಳ್ಳಲು ಒತ್ತುತ್ತಾರೆ ಅಂದುಕೊಂಡಿದ್ದೆ. ನೀವು ಕೊಡಲು ಒತ್ತುತ್ತಿದ್ದಿರಿ. ಕಿತ್ತುಕೊಳ್ಳುವುದು ಸುಲಭ, ಸುಮ್ಮನೆ ಬಿಟ್ಟರಾಯಿತು. ಕೊಟ್ಟಿರುವುದಕ್ಕೇ ಬೆರಳು ನೋಯುವುದು. ಇದನ್ನು ಒಂದು ದಿನವೂ ಹೇಳಲಿಲ್ಲವಲ್ಲ ಮಾವ ನೀವು.

ನಾನಂತೂ ಕೆಟ್ಟ ಮೇಷ್ಟ್ರು. ವಿಮಾನ ಸ್ವಲ್ಪ ವಾಲಿದರೂ ಬೆರಳು ತಾನಾಗಿ ಬಿಟ್ಟುಬಿಡುತ್ತಿತ್ತು. ಕೊನೆಗೆ ಕೊಟ್ರಪ್ಪ ರೇಡಿಯೋ ಕೆಳಗಿಟ್ಟರು. "ಮೇಡಂ, ನೀವು ಬೆರಳು ಬಿಡತಾನ ಇರ್ತೀರಿ. ಅದು ಬೀಳ್ತೈತೋ ಇಲ್ಲೋ ನೋಡಾಕರ ಬಿಡ್ರಿ. ನಾ ಕಲಿಯೋದು ಯಾವಾಗ?" ಅಮ್ಮನಿಗೂ ಕಚೇರಿಗೂ ನಾನು ಹೇಳಬೇಕೆಂದಿದ್ದ ಮಾತು ಅದು. ಆಮೇಲಿನ ಭಾನುವಾರ ಹಲ್ಲು ಕಚ್ಚಿ ಹಿಡಿದೆ. ಅವರು ವಾಲಿಸಿದರು, ಕಿರುಚಿದರು, ಸರಿಮಾಡಿಕೊಂಡರು.

ಈಗ ಎರಡನೇ ವಿಮಾನ. ಹಳದಿಯದನ್ನು ತಂದೆ. ಬಾತುಕೋಳಿ ಅಂದದ್ದನ್ನು ವಾಪಸು ತಗೊಂಡಿದ್ದೇನೆ, ನಿಧಾನಕ್ಕೆ ಹಾರಿಸಿದರೆ ಗಾಳಿಯಲ್ಲಿ ಕೂತ ಹಾಗೆ ಇರುತ್ತದೆ. ಬೆಳ್ಳಿಯದರ ಮೋಟರನ್ನು ಎತ್ತಿಟ್ಟಿದ್ದೇನೆ, ನೀವು ಹೇಳಿದ ಹಾಗೆ ಚೆನ್ನಾಗಿಯೇ ಇತ್ತು.

ರೇಡಿಯೋದಲ್ಲಿ ಒಂದು ಏರ್ಪಾಡು ಇದೆ, ನಿಮಗೆ ಗೊತ್ತಿರುವುದೇ. ಸ್ಟಿಕ್ಕು ಸ್ವಲ್ಪಸ್ವಲ್ಪ ಅಲ್ಲಾಡಿದರೆ ವಿಮಾನ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಬೇಕೆಂದು ತಳ್ಳಿದರೆ ಮಾತ್ರ ತಿರುಗುತ್ತದೆ. ಚಿಕ್ಕ ರೇಡಿಯೋಗೆ ಅದನ್ನು ಹಾಕಿದ್ದೇನೆ, ದೊಡ್ಡದಕ್ಕೆ ಹಾಕಿಲ್ಲ. ನಿಮ್ಮ ಕೈಯಲ್ಲಿದ್ದಾಗ ಅದೇ ವಿಮಾನ ಸಮಾಧಾನಿ, ನನ್ನ ಕೈಗೆ ಬಂದರೆ ಚುರುಕು.

ಸಾಕಾಗುತ್ತದೋ ಇಲ್ಲವೋ ನೋಡಬೇಕಲ್ಲ. ಕೊಟ್ರಪ್ಪನವರ ಟ್ಯಾಂಕರನ್ನು ಮೈದಾನದ ಅಂಚಿಗೆ ತರಿಸಿದೆ. ಇಂಜಿನ್ ಚಾಲೂ ಮಾಡಿಸಿ, ನನ್ನ ಕೈಯೂ ನಿಮ್ಮದರ ಹಾಗೆ ನಡುಗಲಿ ಎಂದು ಅದರ ಬಾನೆಟ್ಟಿಗೆ ಎರಡೂ ಮೊಣಕೈ ಒತ್ತಿ ನಿಂತು, ಚಿಕ್ಕ ರೇಡಿಯೋ ಹಿಡಿದು ಹಳದಿಯದನ್ನು ಹಾರಿಸಿದೆ. ಸ್ವಿಚ್ಚು ಕೊಟ್ರಪ್ಪನವರ ಕೈಯಲ್ಲಿ. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು, ಬೆರಳು ನಿಲ್ಲುತ್ತಿರಲಿಲ್ಲ. ವಿಮಾನ ಸ್ವಲ್ಪ ತೂಗಾಡಿತು, ಆದರೆ ಹೇಳಿದ ಕಡೆ ಹೋಯಿತು. ಮೈದಾನದಲ್ಲಿ ಹಾರಿಸುವ ಕ್ಲಬ್ಬಿನವರೆಲ್ಲ ನಿಂತು ನೋಡಿದರು. ಇವಳಿಗೇನು ತಲೆ ಕೆಟ್ಟಿದೆಯಾ ಅಂದುಕೊಂಡಿರಬೇಕು. ನಾಲ್ಕು ಜನ ನೋಡುತ್ತಾರೆ ಅಂದಿರಲ್ಲ, ಅವರ ನೋಟಕ್ಕೆ ಬೇಕಾದ್ದನ್ನು ನಾನು ಮುಂಚೆಯೇ ಒದಗಿಸಿದ್ದೇನೆ.

ಬೀಳಬಹುದು. ಬಿದ್ದರೆ ಮೂರನೆಯದು ಆರಿಸೋಣ. ಬನ್ನಿ ಮಾವ. ನೀವು ಹಾರಿಸದೆ ಕುರ್ಚಿಯಲ್ಲಿ ಕೂತರೆ ನನಗೆ ಆ ವಿಮಾನದ ಮುಖ ನೋಡಲು ಮನಸ್ಸಾಗುವುದಿಲ್ಲ.

ಮಾಲವಿಕಾ


ದಾವಣಗೆರೆ
27 ಜನವರಿ 2025

ಮಾಲು,

ಇದನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ಮೂರು ದಿನದಿಂದ ಸ್ವಲ್ಪಸ್ವಲ್ಪ. ಓದಲು ಕಷ್ಟವಾದರೆ ಅಕ್ಕನನ್ನು ಕೇಳು, ನನ್ನ ಒಂದನೇ ಕ್ಲಾಸಿನ ಅಕ್ಷರ ಅವಳಿಗೆ ಗೊತ್ತು. ಹೀಗೇ ಇತ್ತು.

ಬೆಂಗಳೂರಿನಿಂದ ಸುಖವಾಗಿ ಬಂದು ಸೇರಿದೆ. ಅಕ್ಕ ಕಟ್ಟಿಕೊಟ್ಟ ಎಳ್ಳುಬೆಲ್ಲ ಶಿಲ್ಪಾ ಖಾಲಿ ಮಾಡಿದಳು. ಕೊಟ್ರಪ್ಪನವರಿಗೆ ಒಂದು ಮಾತು ಹೇಳಬೇಕು, ಹಳದಿ ವಿಮಾನದ ಮೂತಿಗೂ ವಿಭೂತಿ ಹಚ್ಚಿದ್ದು ಚೆನ್ನಾಗಿತ್ತು. ಕುರ್ಚಿ ತಂದಿಟ್ಟವರೂ ಅವರೇ, ಅದನ್ನು ಆಚೆ ಒಯ್ದು ತಾವೇ ಕೂತವರೂ ಅವರೇ. ನಾನು ಕೂರದ ಹಾಗೆ ಮಾಡಲು ನೀನು ಹೇಳಿಕೊಟ್ಟದ್ದು ಎಂದು ನನಗೆ ಗೊತ್ತಾಗಿದೆ.

ಆ ದಿನ ಮೈದಾನದಲ್ಲಿ ನಾನು ಹೆಚ್ಚು ಮಾತಾಡಲಿಲ್ಲ. ಧ್ವನಿ ಸಾಲುವುದಿಲ್ಲ ಎಂದು ನೀನು ಅಂದುಕೊಂಡಿರಬೇಕು. ಮಾತಾಡಿದ್ದರೆ ಅತ್ತುಬಿಡುತ್ತಿದ್ದೆ. ನೀನು "ತಗೊಳ್ಳಿ ಮಾವ" ಅಂದಾಗ ನನ್ನ ಬಾಯಿಂದ "ತಗೊಂಡೆ" ಬರಲೇ ಇಲ್ಲ, ತಲೆ ಆಡಿಸಿದೆ. ನಿನ್ನ ಕಣ್ಣು ವಿಮಾನದ ಮೇಲಿತ್ತು, ನೀನು ನೋಡಲಿಲ್ಲ. ಆದರೂ ಕೊಟ್ಟೆ.

ವಿಮಾನ ತೂಗಾಡುತ್ತಿತ್ತು. ಆಮೇಲೆ ನನ್ನ ಮಾತು ಕೇಳಿತು. ಎಡಕ್ಕೆ ತಿರುಗಿತು, ಬಿಸಿಲಿನಲ್ಲಿ ಹೊಟ್ಟೆ ತೋರಿಸಿತು, ವಾಪಸು ಬಂತು. ನನಗೆ ಅಷ್ಟೇ ಬೇಕಿದ್ದದ್ದು.

ಒಂದು ವಿಷಯ ನಿನಗೆ ಗೊತ್ತಿಲ್ಲ. ವಿಮಾನದ ಮೇಲಿಂದ ಕಣ್ಣು ತೆಗೆಯಬಾರದು ಎಂದು ನಿನಗೆ ಕಲಿಸಿದವನು ನಾನು. ಅವತ್ತು ನಾನೇ ತೆಗೆದೆ. ನಿನ್ನ ಬೆರಳು ನೋಡಿದೆ. ಒತ್ತಿ ಒತ್ತಿ ಉಗುರು ಬೆಳ್ಳಗಾಗಿತ್ತು. ಅಷ್ಟರಲ್ಲಿ ಕೈ ನಡುಗಿ ವಿಮಾನ ಬಲಕ್ಕೆ ಜೋರಾಗಿ ವಾಲಿತು, ಹಿಂದೆ ಅಕ್ಕ "ಅಯ್ಯೋ" ಅಂದಳು. ಈಗ ಬಿಡುತ್ತಾಳೆ ಅಂದುಕೊಂಡೆ, ನಾನಾಗಿದ್ದರೆ ಬಿಟ್ಟಿರುತ್ತಿದ್ದೆ.

ನೀನು ಬಿಡಲಿಲ್ಲ.

ಜಗನ್ನಾಥ ಮಾವ